ದರಪಟ್ಟಿಯಲ್ಲಿ ಇಲ್ಲದ ಸೈಕಲ್ಲು

ಗೆ,
ಕರಾವಳಿಯ ರೈಲು ನಿಲ್ದಾಣಗಳ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ.
ಇದೇ ಪತ್ರ ಉತ್ತರ ಕನ್ನಡ ಜಿಲ್ಲಾಡಳಿತಕ್ಕೂ, ನಮ್ಮ ಜನಪ್ರತಿನಿಧಿಗಳಿಗೂ, ನನ್ನ ಜೊತೆ ದಿನಾ ರೈಲು ಹತ್ತುವವರಿಗೂ.

ವಿಷಯ: ನಿಲ್ದಾಣಗಳಲ್ಲಿ ಸೈಕಲ್ ನಿಲ್ಲಿಸಲು ಜಾಗ ಕೋರಿ.

ಮಾನ್ಯರೇ,

ನಾನು ಕಾರವಾರ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವಳು. ಮನೆ ಗಂಗಾವಳಿ ಹೊಳೆಯಿಂದ ದಕ್ಷಿಣಕ್ಕೆ. ಬೆಂಗಳೂರಿನಿಂದ ರಾತ್ರಿಯಿಡೀ ಓಡಿ ಬರುವ ಗಾಡಿಯನ್ನು ಬೆಳಗ್ಗೆ ನಮ್ಮ ನಿಲ್ದಾಣದಲ್ಲಿ ಹತ್ತಿ ಕಾರವಾರಕ್ಕೆ ಹೋಗುತ್ತೇನೆ. ಸಂಜೆ ಅದೇ ಗಾಡಿ ಬೆಂಗಳೂರಿಗೆ ಹೊರಟಾಗ ಮರಳುತ್ತೇನೆ. ಹೀಗೆ ನಾಲ್ಕು ವರ್ಷವಾಯಿತು. ರೈಲಿನ ಬಗ್ಗೆ ನನಗೆ ದೂರಿಲ್ಲ. ಅದು ಅಷ್ಟಿಷ್ಟು ತಡವಾಗುತ್ತದೆ, ಒಮ್ಮೊಮ್ಮೆ ಜನರಲ್ ಡಬ್ಬಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದೆಲ್ಲ ರೈಲೆಂದರೆ ಇದ್ದದ್ದೇ. ನನ್ನ ದೂರು ರೈಲಿಗೆ ಮುಂಚಿನ ಐದು ಕಿಲೋಮೀಟರಿನದು. ಸರಿಯಾಗಿ ಹೇಳಬೇಕೆಂದರೆ, ಆ ಐದು ಕಿಲೋಮೀಟರ್ ತುಳಿದು ಬಂದ ಮೇಲೆ ನಿಲ್ದಾಣದ ಗೇಟಿನ ಒಳಗಿನ ಐವತ್ತು ಹೆಜ್ಜೆಯದು.

ಆ ಐದು ಕಿಲೋಮೀಟರನ್ನು ನಾನು ಸೈಕಲ್ಲಿನಲ್ಲಿ ಬರುತ್ತೇನೆ. ಸೈಕಲ್ಲು ನನ್ನದಲ್ಲ, ಮಗಳದು. ಅವಳದೂ ಅಲ್ಲ ಎನ್ನಿ, ಸರ್ಕಾರದ್ದು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿತಲ್ಲ, ಅದರಲ್ಲಿ ಬಂದದ್ದು. ಹೈಸ್ಕೂಲು ಮೂರು ವರ್ಷ, ಪಿಯುಸಿ ಎರಡು ವರ್ಷ ಅವಳನ್ನು ಹೊತ್ತಿತು. ಅವಳು ಓದಲು ಮಂಗಳೂರಿಗೆ ಹೋದಾಗ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿತು. ಅದೇ ಹೊತ್ತಿಗೆ ನನಗೆ ಕಾರವಾರದಲ್ಲಿ ಕೆಲಸ ಸಿಕ್ಕಿತು. ಆಟೋದವರನ್ನು ಕೇಳಿದರೆ ನಿಲ್ದಾಣಕ್ಕೆ ಒಂದು ಕಡೆಗೆ 120 ರೂಪಾಯಿ ಎಂದರು. ಎರಡು ದಿನದ ಆಟೋ ಬಾಡಿಗೆಯಲ್ಲಿ ತಿಂಗಳಿಡೀ ಓಡಾಡುವ ಸೀಸನ್ ಟಿಕೆಟೇ ಬಂದುಬಿಡುತ್ತದೆ. ಹಾಗಾಗಿ ನಲವತ್ತೊಂದನೇ ವಯಸ್ಸಿನಲ್ಲಿ, ಗದ್ದೆ ಕೊಯ್ದು ಖಾಲಿಯಾದ ಮೇಲೆ, ಮಗಳು ರಜೆಗೆ ಬಂದಾಗ ಹಿಂದಿನಿಂದ ಕ್ಯಾರಿಯರ್ ಹಿಡಿಸಿಕೊಂಡು ಸೈಕಲ್ ಕಲಿತೆ. ಎರಡು ಸಲ ಗದ್ದೆಯ ಹಾಳಿಯಿಂದ ಕೆಳಗೆ ಬಿದ್ದೆ. ನೋಡಿ ನಕ್ಕವರಲ್ಲಿ ಇಬ್ಬರು ಹೆಂಗಸರು ಈಗ ತಾವೂ ಸೈಕಲ್ ಹೊಡೆಯುತ್ತಾರೆ.

ಈಗ ಈ ಪತ್ರ ಬರೆಯಲು ಕಾರಣವಾದ ದಿನದ ವಿಷಯಕ್ಕೆ ಬರುತ್ತೇನೆ. ನಿಲ್ದಾಣದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿ ಕೆಲಸ ಮಾಡುವವರು ನನಗೆ ದಿನಾ ಎದುರಾಗುವವರು, ಕೆಟ್ಟವರೂ ಅಲ್ಲ. ಹೆಸರು ಬರೆದರೆ ನಾಳೆ ಪಾರ್ಕಿಂಗಿನ ಹುಡುಗನ ಕೆಲಸ ಹೋಗುತ್ತದೆಯೇ ಹೊರತು ನನ್ನ ಸೈಕಲ್ಲಿಗೆ ಜಾಗ ಹುಟ್ಟುವುದಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲಿನ ಒಂದು ಸಂಜೆ. ಗಾಡಿಯಿಳಿದು ಹೊರಬಂದು ನೋಡಿದರೆ, ಬೆಳಗ್ಗೆ ನಾನು ಸೈಕಲ್ ಕಟ್ಟಿದ್ದ ಬೇಲಿಯಲ್ಲಿ ಏನೂ ಇಲ್ಲ. ನನ್ನದೊಂದೇ ಅಲ್ಲ, ಆ ಸಾಲಿನಲ್ಲಿದ್ದ ಒಂದೂ ಇಲ್ಲ. ಬೇಲಿಗೆ ಹೊಸದಾಗಿ ಬಣ್ಣ ಬಳಿದಿದ್ದರು. ಕೆಳಗೆ ನೆಲದಲ್ಲಿ ನನ್ನ ಚೈನಿನ ತುಂಡೊಂದು ಬಿದ್ದಿತ್ತು, ಕತ್ತರಿಸಿದ ತುದಿ ಇನ್ನೂ ಹೊಳೆಯುತ್ತಿತ್ತು. ಕಳ್ಳರು ಹೀಗೆ ಸಾಲಿಗೆ ಸಾಲು ಒಯ್ಯುವುದಿಲ್ಲ ಎಂದು ಅಷ್ಟು ಹೊತ್ತಿಗೇ ಅನಿಸಿತು.

ಪಾರ್ಕಿಂಗಿನ ಹುಡುಗನನ್ನು ಕೇಳಿದೆ.

“ಸೈಕಲ್ಲಾ ಅಕ್ಕಾ? ಚೀಟಿ ಇದ್ಯಾ?”

“ನೀ ಕೊಟ್ರೆ ತಾನೆ ತಮ್ಮಾ ಚೀಟಿ ಇರೋದು? ಕೇಳಿದ್ರೆ ‘ಸೈಕಲ್ಲಿಗೆ ಎಂತಾ ಚೀಟಿ, ಅಲ್ಲೇ ಬದಿಗಿಡಿ’ ಅಂತಿದ್ದೆ ನೀನೇ.”

ಅವನು ತಲೆ ತುರಿಸಿಕೊಂಡ. ಚೀಟಿ ಇಲ್ಲದ ವಾಹನಕ್ಕೆ ಗುತ್ತಿಗೆದಾರರು ಹೊಣೆಯಲ್ಲ ಎಂದು ಅವನ ಹಿಂದಿನ ಬೋರ್ಡಿನಲ್ಲೇ ಬರೆದಿತ್ತು. ಟಿಕೆಟ್ ಕೌಂಟರಿನಲ್ಲಿ ಕೇಳಿದೆ. ಪಾರ್ಕಿಂಗು ಗುತ್ತಿಗೆಗೆ ಕೊಟ್ಟಾಗಿದೆ, ಅದು ತಮಗೆ ಸಂಬಂಧಿಸಿದ್ದಲ್ಲ ಎಂದರು. ಗುತ್ತಿಗೆದಾರರಿಗೆ ಫೋನ್ ಹಚ್ಚಿದರೆ, ಬೇಲಿ ತಮ್ಮ ಗುತ್ತಿಗೆಯ ಗಡಿಯೊಳಗೆ ಬರುವುದಿಲ್ಲ, ಅದು ರೈಲ್ವೆಯದು ಎಂದರು. ಪೊಲೀಸರ ಬಳಿ ಹೋದೆ. ಸೈಕಲ್ಲಿನ ರಸೀದಿ ಕೇಳಿದರು. ಸರ್ಕಾರ ಶಾಲೆಯಲ್ಲಿ ಹಂಚಿದ ಸೈಕಲ್ಲಿಗೆ ರಸೀದಿ ಎಲ್ಲಿಂದ ತರಲಿ? “ಎರಡು ದಿನ ನೋಡಿ ಅಕ್ಕಾ, ಯಾರಾದ್ರೂ ಮಕ್ಕಳು ಒಯ್ದು ಮತ್ತೆ ತಂದಿಡ್ತಾರೆ” ಎಂದು ಸಮಾಧಾನ ಮಾಡಿ ಕಳಿಸಿದರು. (2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಮಾಲನ್ನು ಮೊದಲ ಸಲ ಕದ್ದವನು ಅದನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ ಇದೆಯಂತೆ. ನನ್ನ ಸೈಕಲ್ಲು ಆ ಲೆಕ್ಕದಲ್ಲಿ ಬರುವಂಥದ್ದೇ. ಆದರೆ ಇಲ್ಲಿ ಕದ್ದವರೇ ಇರಲಿಲ್ಲ.)

ಹನ್ನೊಂದು ದಿನದ ಮೇಲೆ ಸೈಕಲ್ ಸಿಕ್ಕಿತು. ಹುಡುಕಿಕೊಟ್ಟವರು ಪ್ಲಾಟ್‌ಫಾರ್ಮ್ ಗುಡಿಸುವ ಒಬ್ಬ ಅಜ್ಜ. ನಿಲ್ದಾಣದ ಹಿಂಬದಿಯಲ್ಲಿ, ಹಳಿಯಡಿ ಹಾಕುವ ಹಳೆಯ ಸ್ಲೀಪರುಗಳನ್ನು ಪೇರಿಸಿಟ್ಟ ಮೂಲೆಯಲ್ಲಿ, ಒಂದರ ಮೇಲೊಂದು ಎಸೆದ ಸೈಕಲ್ಲುಗಳ ರಾಶಿ. ಯಾರೋ ಗಣ್ಯರು ನಿಲ್ದಾಣ ನೋಡಲು ಬರುವವರಿದ್ದರಂತೆ. ಬೇಲಿ ಚೊಕ್ಕಟವಾಗಿ ಕಾಣಲಿ ಎಂದು ಬೆಳಗ್ಗೆಯೇ ಎಲ್ಲವನ್ನೂ ಕಿತ್ತು ಒಯ್ದಿದ್ದರು. ಗಣ್ಯರು ಕಡೆಗೆ ಬರಲೂ ಇಲ್ಲ ಎಂದರು ಅಜ್ಜ. ನನ್ನ ಸೈಕಲ್ಲಿನ ಹಿಂದಿನ ರಿಮ್ಮು ಹಪ್ಪಳದ ಹಾಗೆ ಸೊಟ್ಟಗಾಗಿತ್ತು, ಒಂಬತ್ತು ಕಡ್ಡಿ ಮುರಿದಿತ್ತು. ಮಗಳು ಹೈಸ್ಕೂಲಿನಲ್ಲಿದ್ದಾಗ ಹ್ಯಾಂಡಲಿಗೆ ಸುತ್ತಿದ್ದ ಹಸಿರು ಟೇಪು ಮಾತ್ರ ಹಾಗೇ ಇತ್ತು. ಆ ಹನ್ನೊಂದು ದಿನ ಆಟೋಕ್ಕೆ ಕೊಟ್ಟದ್ದು, ರಿಪೇರಿಗೆ ಕೊಟ್ಟದ್ದು, ಎಲ್ಲ ಬರೆದಿಟ್ಟಿದ್ದೇನೆ. ಲೆಕ್ಕ ಬರೆಯುವುದು ನನ್ನ ಕೆಲಸ. ಆದರೆ ಈ ಪತ್ರ ಆ ದುಡ್ಡಿಗಾಗಿ ಅಲ್ಲ.

ಮರುದಿನ ಬೆಳಗ್ಗೆ ಪಾರ್ಕಿಂಗಿನ ಎದುರು ನಿಂತು ದರಪಟ್ಟಿಯನ್ನು ಮೊದಲ ಸಲ ಪೂರ್ತಿ ಓದಿದೆ. ಕಾರಿಗೆ ಇಷ್ಟು, ದ್ವಿಚಕ್ರ ವಾಹನಕ್ಕೆ ಇಷ್ಟು, ಹೆಲ್ಮೆಟ್ಟಿಗೂ ಇಷ್ಟು. ತಲೆಗೆ ಹಾಕುವ ಟೋಪಿಗೂ ಅಲ್ಲಿ ಒಂದು ಸಾಲಿದೆ. ಸೈಕಲ್ ಎಂಬ ಸಾಲು ಇಲ್ಲ. ಹನ್ನೊಂದು ದಿನ ನಾನು ಅಲೆದದ್ದರ ಕಾರಣ ಆಗ ತಿಳಿಯಿತು. ದರಪಟ್ಟಿಯಲ್ಲಿ ಇಲ್ಲದ್ದಕ್ಕೆ ಚೀಟಿ ಇಲ್ಲ, ಚೀಟಿ ಇಲ್ಲದ್ದಕ್ಕೆ ಹೊಣೆಗಾರರಿಲ್ಲ, ಹೊಣೆಗಾರರಿಲ್ಲದ್ದನ್ನು ಯಾರು ಬೇಕಾದರೂ ಕಿತ್ತು ಎಸೆಯಬಹುದು. ಅದರಲ್ಲಿ ಯಾರ ದುಷ್ಟತನವೂ ಇಲ್ಲ. ಟೆಂಡರಿನ ಕಾಗದ ಬರೆಯುವಾಗ ಯಾರಿಗೂ ಸೈಕಲ್ಲು ನೆನಪಾಗಲಿಲ್ಲ, ಅಷ್ಟೇ.

ಪುಕ್ಕಟೆ ಬಿಟ್ಟಿದ್ದೇವಲ್ಲ, ಇನ್ನೇನು ಬೇಕು ಎಂದು ನೀವು ಕೇಳಬಹುದು. ದಯವಿಟ್ಟು ದುಡ್ಡು ತೆಗೆದುಕೊಳ್ಳಿ. ದಿನಕ್ಕೆ ಎರಡೋ ಮೂರೋ ರೂಪಾಯಿ, ಅಥವಾ ತಿಂಗಳಿಗೆ ಇಷ್ಟು ಎಂದು ಪಾಸು. ಕೊಟ್ಟವರಿಗೆ ಕೇಳುವ ಹಕ್ಕು ಬರುತ್ತದೆ, ತೆಗೆದುಕೊಂಡವರಿಗೆ ನೋಡಿಕೊಳ್ಳುವ ಕೆಲಸ ಬರುತ್ತದೆ. ಹಾಗೆಂದು ಸ್ಕೂಟರಿನ ದರವನ್ನೇ ಸೈಕಲ್ಲಿಗೂ ಹಾಕಬೇಡಿ. ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಕಟ್ಟಿದರೆ ವರ್ಷದೊಳಗೆ ಹೊಸ ಸೈಕಲ್ಲಿನ ಬೆಲೆಯೇ ಪಾರ್ಕಿಂಗಿಗೆ ಹೋಗಿರುತ್ತದೆ.

ಇಷ್ಟಕ್ಕೂ ಒಬ್ಬ ಹೆಂಗಸಿನ ಸೈಕಲ್ಲಿಗಾಗಿ ಇಷ್ಟೆಲ್ಲ ಏಕೆ ಎನಿಸಿದರೆ, ನಮ್ಮ ನಿಲ್ದಾಣಗಳು ಎಲ್ಲಿವೆ ಎಂದು ಒಮ್ಮೆ ನೋಡಿ. ಕೊಂಕಣ ರೈಲು ಮಾರ್ಗ ಹೆಚ್ಚಿನ ಕಡೆ ಊರುಗಳನ್ನು ಬಿಟ್ಟು ಗುಡ್ಡದ ಬದಿ ಹಿಡಿದು ಸಾಗಿದೆ. ಕಾರವಾರದ ನಿಲ್ದಾಣ ಕಾರವಾರ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ. ಗೋಕರ್ಣದ್ದಂತೂ ಹೆಸರಲ್ಲೇ ಒಪ್ಪಿಕೊಂಡಿದೆ: ಅದು ‘ಗೋಕರ್ಣ ರೋಡ್’. ಅಲ್ಲಿಳಿದವರಿಗೆ ಸಿಗುವುದು ಗೋಕರ್ಣವಲ್ಲ, ಗೋಕರ್ಣಕ್ಕೆ ಹೋಗುವ ರಸ್ತೆ, ಅದೂ ಸುಮಾರು ಹತ್ತು ಕಿಲೋಮೀಟರ್. ಮುರ್ಡೇಶ್ವರ, ಭಟ್ಕಳದವರೂ ಪೇಟೆ ಬಿಟ್ಟು ಒಂದಷ್ಟು ದೂರ ಬಂದೇ ರೈಲು ಹತ್ತಬೇಕು. ನಡೆದು ಹೋಗಲು ಜಾಸ್ತಿ, ಆಟೋ ಮಾಡಲು ದುಬಾರಿ ಎನ್ನುವಂಥ ದೂರ ಇದು. ಸೈಕಲ್ಲಿಗೆ ಹೇಳಿ ಮಾಡಿಸಿದ ದೂರವೂ ಇದೇ. ಕರಾವಳಿಯ ನೆಲ ಹೆಚ್ಚುಕಡಿಮೆ ಸಮತಟ್ಟು. ಶಿರಸಿಯವರಿಗೆ ಈ ಮಾತು ಹೇಳಿದರೆ ಘಟ್ಟ ಹತ್ತಿ ತೋರಿಸು ಎಂದಾರು. ಅವರ ಪಾಡು ಬೇರೆ, ಅವರೂರಿಗೆ ರೈಲೇ ಇನ್ನೂ ಬಂದಿಲ್ಲ.

ರೈಲು ಎಂದರೆ ಈ ಭಾಗದ ಜನಕ್ಕೆ ಏನು ಎನ್ನುವುದು ನಿಮಗೆ ಗೊತ್ತಿರುವುದೇ. 1998ರ ಜನವರಿ 26ರಂದು ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಮಾರ್ಗ ಪೂರ್ತಿ ತೆರೆದಾಗ ನಾನಿನ್ನೂ ಶಾಲೆಗೆ ಹೋಗುವ ಹುಡುಗಿ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ನೋಡಲು ಅಪ್ಪ ನಮ್ಮನ್ನೆಲ್ಲ ಕರೆದುಕೊಂಡು ಹೋಗಿದ್ದರು. ಈ ದಾರಿಗಾಗಿ ಗದ್ದೆ ಬಿಟ್ಟುಕೊಟ್ಟವರು ನಮ್ಮ ನೆಂಟರಲ್ಲೂ ಇದ್ದಾರೆ. 2022ರಲ್ಲಿ ಇಡೀ ಮಾರ್ಗ ವಿದ್ಯುತ್ತಿನದಾಯಿತು, ಡೀಸೆಲ್ ಹೊಗೆ ಹೋಯಿತು. 2023ರ ಡಿಸೆಂಬರಿನಿಂದ ಮಂಗಳೂರು ಮಡಗಾಂವ ನಡುವೆ ವಂದೇ ಭಾರತ್ ಓಡುತ್ತಿದೆ. ಎಲ್ಲವೂ ಸಂತೋಷವೇ. ಹೊಗೆಯುಗುಳದ ರೈಲಿಗೆ ಹೊಗೆಯುಗುಳದ ಗಾಡಿಯಲ್ಲಿ ಬರುವವರನ್ನು ಬೇಲಿಯಿಂದ ಕಿತ್ತು ಹಾಕುವುದೊಂದು ಮಾತ್ರ ಅರ್ಥವಾಗುವುದಿಲ್ಲ.

ಬರುವವರು ಯಾರು? ಸೈಕಲ್ ಮರಳಿ ಸಿಕ್ಕ ಮೇಲೆ ಒಂದು ವಾರ ಬೆಳಗ್ಗೆ ಬೇಗ ಹೋಗಿ ನೋಡಿದೆ. ಒಂದು ದಿನ ಇಪ್ಪತ್ಮೂರು ಸೈಕಲ್ಲುಗಳಿದ್ದವು. ಮಡಗಾಂವದ ಕಡೆ ಕೂಲಿಗೆ ಹೋಗುವ ಗಂಡಸರು, ಆಸ್ಪತ್ರೆಯ ಆಯಾ ಒಬ್ಬರು, ಐಟಿಐ ಹುಡುಗರು, ಕಾಲೇಜಿನ ಹುಡುಗಿಯರು. ಮೀನು ಮಾರಿ ಬರುವ ಒಬ್ಬ ಹೆಂಗಸನ್ನು ಅವರ ಮಗ ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಬಂದು ಬಿಡುತ್ತಾನೆ, ಬುಟ್ಟಿ ಹ್ಯಾಂಡಲಿಗೆ. ಇಪ್ಪತ್ಮೂರರಲ್ಲಿ ಬೇಲಿಗೆ ಕಟ್ಟಿದವು ಎಂಟು. ಉಳಿದವುಗಳಲ್ಲಿ ಕೆಲವನ್ನು ಗೇಟಿನಾಚೆ ಚಹಾದಂಗಡಿಯ ಹಿಂದೆ ನಿಲ್ಲಿಸುತ್ತಾರೆ. ಆ ಅಂಗಡಿಯವರು ಪುಣ್ಯಾತ್ಮರು, ದುಡ್ಡು ಕೇಳುವುದಿಲ್ಲ, ಆದರೆ ಒಂದು ಚಹಾ ಕುಡಿಯದೆ ಸೈಕಲ್ ತೆಗೆಯಲು ಮನಸ್ಸು ಬರಬೇಕಲ್ಲ! ಇನ್ನು ಕೆಲವು ಗಾಳಿಮರದ ಬುಡದಲ್ಲಿ, ಒಂದಕ್ಕೊಂದು ಕಟ್ಟಿಕೊಂಡು. ಯಾರ ಸೈಕಲ್ಲಿನ ಚೈನು ಯಾರದರ ಮೇಲೆ ಹಾದಿದೆ ಎಂದು ಬಿಡಿಸುವಷ್ಟರಲ್ಲಿ ಮನೆಯಲ್ಲಿ ಅನ್ನದ ಹೊತ್ತು ಮೀರಿರುತ್ತದೆ.

ದೊಡ್ಡ ಊರುಗಳಲ್ಲಾದರೂ ಚೆನ್ನಾಗಿರಬಹುದು ಎಂದುಕೊಂಡಿದ್ದೆ. ಮಗಳು ಹೇಳುವ ಪ್ರಕಾರ ಅಲ್ಲೂ ಇದೇ ಕಥೆ. ಗೆಳತಿಯ ಸೈಕಲ್ ಕೇಳಿ ತಂದು ಒಂದು ದೊಡ್ಡ ನಿಲ್ದಾಣಕ್ಕೆ ಹೋದರೆ, ಪಾರ್ಕಿಂಗಿನವರು ಬೈಕುಗಳ ಸಾಲಿನ ಕೊನೆಯಲ್ಲಿ ಗೋಡೆಗೆ ಒರಗಿಸಲು ಹೇಳಿದರಂತೆ. ಸಂಜೆ ಬಂದಾಗ ಅದರ ಮೇಲೆ ಎರಡು ಬೈಕು ಒರಗಿದ್ದವು. ದೊಡ್ಡ ನಿಲ್ದಾಣದಲ್ಲಿ ಜಾಗದ ಕೊರತೆ ಎನ್ನಬಹುದು. ನಮ್ಮಲ್ಲಿ ಆ ನೆಪವೂ ಇಲ್ಲ. ಕರಾವಳಿಯ ನಿಲ್ದಾಣಗಳ ಎದುರು ಬಯಲೇ ಬಯಲು.

ಮಳೆಯ ಮಾತನ್ನು ಹೇಳದೆ ಇರಲಾಗದು. ಪ್ರತಿ ವರ್ಷ ಜೂನ್ ಬಂತೆಂದರೆ ಈ ಮಾರ್ಗಕ್ಕೆ ನೀವು ಬೇರೆಯದೇ ವೇಳಾಪಟ್ಟಿ ಹಾಕುತ್ತೀರಿ. ಮಳೆಗಾಲ ಮುಗಿಯುವವರೆಗೆ ಗಾಡಿಗಳು ನಿಧಾನ ಓಡುತ್ತವೆ, ಗುಡ್ಡದ ಬದಿಗೆ ಕಾವಲು ಹಾಕುತ್ತೀರಿ. ಅಂದರೆ ಇಲ್ಲಿಯ ಮಳೆ ಎಂಥದ್ದು ಎನ್ನುವುದನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೆ 3000 ಮಿಲಿಮೀಟರಿನ ಸುತ್ತಮುತ್ತ ಸುರಿಯುವ ಕರಾವಳಿಯಲ್ಲಿ, ಆ ಮಳೆಯ ಜೊತೆ ಉಪ್ಪಿನ ಗಾಳಿ. ಬಯಲಲ್ಲಿ ನಿಂತ ಸೈಕಲ್ಲಿನ ಚೈನು ಆರಿದ್ರಾ ಮಳೆ ಮುಗಿಯುವುದರೊಳಗೆ ಕೆಂಪಗಾಗುತ್ತದೆ. ನಾನು ಭಾನುವಾರ ಭಾನುವಾರ ಎಣ್ಣೆ ಹಾಕುತ್ತೇನೆ, ಮೂರು ದಿನಕ್ಕೆ ಮತ್ತೆ ಕಿರ್ರ್ ಎನ್ನುತ್ತದೆ. ಸೀಟಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ ಹೋಗುತ್ತೇನೆ, ಗಾಳಿಗೆ ಹಾರಿಹೋಗುತ್ತದೆ. ಸಂಜೆ ಒದ್ದೆ ಸೀಟಿನ ಮೇಲೆ ಕೂತು ಕತ್ತಲಲ್ಲಿ ಐದು ಕಿಲೋಮೀಟರ್ ತುಳಿಯುವುದು ಏನೆಂದು ಬರೆದು ತಿಳಿಸುವುದು ಕಷ್ಟ. ಕಾರುಗಳಿಗೆ ಮಳೆ ತಡೆಯುವ ಮಾಡು ಬೇಕಾಗಿಲ್ಲ, ಅವಕ್ಕೆ ಅವೇ ಮಾಡು. ಮಾಡು ಬೇಕಾದದ್ದು ಸೈಕಲ್ಲಿಗೆ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಗಂಗಾವಳಿಯ ಒಳಗೆ ಬಿತ್ತು. ಹೋದ ಜೀವಗಳನ್ನು ನೆನೆದರೆ ಇಂದಿಗೂ ಸಂಕಟ. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೆ ಸೇತುವೆ ಕುಸಿಯಿತು. ಆ ದಿನಗಳಲ್ಲಿ ಬಸ್ಸಿನವರು, ಟೆಂಪೋದವರು, ಯಾರೂ ಹೇಳಿದ ಹೊತ್ತಿಗೆ ಹೇಳಿದ ಊರು ಮುಟ್ಟುವಂತಿರಲಿಲ್ಲ. ಹೆದ್ದಾರಿ ಮುಚ್ಚಿದಾಗ ನನ್ನಂಥವರನ್ನು ಕಾರವಾರ ಮುಟ್ಟಿಸಿದ್ದು ರೈಲು, ರೈಲಿಗೆ ಮುಟ್ಟಿಸಿದ್ದು ಸೈಕಲ್ಲು. ಆ ವಾರ ನಿಲ್ದಾಣದ ಬೇಲಿಯಲ್ಲಿ ನಾನು ಹಿಂದೆಂದೂ ಕಾಣದಷ್ಟು ಸೈಕಲ್ಲುಗಳಿದ್ದವು. ಆಗ ಯಾರೂ ಅವನ್ನು ಕೀಳಲಿಲ್ಲ.

ಮಗಳು ಮೊಬೈಲಿನಲ್ಲಿ ಹೊರದೇಶದ ಚಿತ್ರಗಳನ್ನು ತೋರಿಸಿದಳು. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ಎಂಬ ಊರಿನ ರೈಲು ನಿಲ್ದಾಣದ ಕೆಳಗೆ ಮೂರು ಅಂತಸ್ತಿನಲ್ಲಿ 12,500 ಸೈಕಲ್ ನಿಲ್ಲುವ ಜಾಗ ಇದೆಯಂತೆ, 2019ರಲ್ಲಿ ಪೂರ್ತಿಯಾದದ್ದು. ಮೊದಲ ದಿನ ಪುಕ್ಕಟೆ, ಆಮೇಲೆ ದುಡ್ಡು. ಸೈಕಲ್ ತುಳಿದುಕೊಂಡೇ ಒಳಗೆ ಇಳಿಯುತ್ತಾರೆ, ಅಲ್ಲಿಂದ ನೇರ ಪ್ಲಾಟ್‌ಫಾರ್ಮಿಗೆ ಮೆಟ್ಟಿಲು. ಇಂಗ್ಲೆಂಡಿನ ಕೇಂಬ್ರಿಜ್ ನಿಲ್ದಾಣದಲ್ಲಿ 2016ರಲ್ಲಿ ಸುಮಾರು 2,850 ಸೈಕಲ್ಲುಗಳಿಗೆ ಕಟ್ಟಡ ಕಟ್ಟಿದರು. ಅಲ್ಲೂ ಕಳವು ನಿಂತಿಲ್ಲವಂತೆ, ಅದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವೇ ಆಯಿತು. ದೂರದ ಮಾತು ಬಿಡಿ, ನಮ್ಮ ಮೈಸೂರಿನಲ್ಲೇ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂದು ಬಾಡಿಗೆ ಸೈಕಲ್ ಶುರುವಾಯಿತು. ಬೀಗ ಹಾಕಿ ನಿಲ್ಲಿಸಲು ಊರಿನ ಹಲವು ಕಡೆ ಕಂಬಿ ನೆಟ್ಟರು. ಸರ್ಕಾರದ ಸೈಕಲ್ಲಿಗೆ ಕಂಬಿ ನೆಡಲು ಬರುತ್ತದೆ ಎಂದಾದರೆ ಜನರ ಸೈಕಲ್ಲಿಗೂ ನೆಡಬಹುದಲ್ಲ.

ನಮಗೆ ಹನ್ನೆರಡು ಸಾವಿರ ಬೇಡ. ನಮ್ಮೂರಿನ ವೆಲ್ಡಿಂಗ್ ಅಂಗಡಿಯವರನ್ನು ಕೇಳಿದೆ. ಒಂದೂವರೆ ಇಂಚಿನ ಜಿ.ಐ. ಪೈಪನ್ನು ಕಮಾನಿನ ಹಾಗೆ ಬಗ್ಗಿಸಿ, ಎರಡೂ ಕಾಲನ್ನು ಕಾಂಕ್ರೀಟಿನಲ್ಲಿ ಹುಗಿದು ನಿಲ್ಲಿಸಲು ಒಂದಕ್ಕೆ ಎರಡು ಸಾವಿರ, ಎರಡೂವರೆ ಸಾವಿರ ಎಂದರು. ನೆಲದಿಂದ ಎರಡೂವರೆ ಅಡಿ ಎತ್ತರ ಸಾಕು. ಒಂದು ಕಮಾನಿಗೆ ಆಚೆ ಈಚೆ ಎರಡು ಸೈಕಲ್ ನಿಲ್ಲುತ್ತವೆ, ಚೌಕಟ್ಟಿಗೂ ಗಾಲಿಗೂ ಸೇರಿಸಿ ಬೀಗ ಹಾಕಬಹುದು. ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನಲ್ಲಿ ಹಳೆಯ ಗ್ಯಾಸ್ ಪೈಪುಗಳನ್ನು ಬಗ್ಗಿಸಿ ಮೊದಲು ಹೀಗೆ ಮಾಡಿದರಂತೆ, ಇಂದಿಗೂ ಅದಕ್ಕೆ ಆ ಊರಿನದೇ ಹೆಸರು. ಒಂದರಿಂದ ಒಂದಕ್ಕೆ ಒಂದು ಮೀಟರ್ ಅಂತರ ಬಿಟ್ಟರೆ, ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲ್ ಹಿಡಿಸುತ್ತವೆ. ಇಪ್ಪತ್ತು ಕಮಾನು ನೆಟ್ಟರೆ ನಲವತ್ತು ಸೈಕಲ್ಲು. ಜಾಗ ನಾಲ್ಕೈದು ಕಾರಿನದು, ಖರ್ಚು ಐವತ್ತು ಸಾವಿರದೊಳಗೆ, ಮಾಡಿನ ಶೀಟು ಬೇರೆ.

ಒಂದೇ ಒಂದು ವಿನಂತಿ, ಮುಂದಿನ ಗಾಲಿಯನ್ನು ಮಾತ್ರ ಸಂದಿಗೆ ಸಿಕ್ಕಿಸುವ ಗಿಡ್ಡ ಕಂಬಿಗಳನ್ನು ತಂದು ಹಾಕಬೇಡಿ. ನೋಡಲು ಚೆಂದ, ಕಡಿಮೆ ದುಡ್ಡಿಗೆ ಸಿಗುತ್ತವೆ, ಶಾಲೆಗಳಲ್ಲಿ ಬೇಕಾದಷ್ಟಿವೆ. ಪಕ್ಕದ ಸೈಕಲ್ ಬಿದ್ದು ತಾಗಿದರೆ ರಿಮ್ಮು ಸೊಟ್ಟಗಾಗುತ್ತದೆ. ಬೀಗ ಹಾಕಿದರೆ ಗಾಲಿಗೆ ಮಾತ್ರ. ಕಳ್ಳ ಗಾಲಿ ಬಿಟ್ಟು ಉಳಿದದ್ದನ್ನು ಒಯ್ಯುತ್ತಾನೆ.

ನಿಮ್ಮ ಕಡೆಯ ಕಷ್ಟವೂ ನನಗೆ ಕಾಣುತ್ತದೆ. ಆ ರಾಶಿಯಲ್ಲಿ ಆರೇಳು ಸೈಕಲ್ಲುಗಳಿಗೆ ಬಳ್ಳಿ ಹಬ್ಬಿತ್ತು, ಟಯರಿನಲ್ಲಿ ಗಾಳಿ ಹೋಗಿ ತಿಂಗಳುಗಳಾಗಿರಬೇಕು. ನಿಲ್ಲಿಸಿ ಹೋದವರು ಮರಳಲೇ ಇಲ್ಲ. ಈ ಮಾತು ನನ್ನ ಸಹಪ್ರಯಾಣಿಕರಿಗೆ: ಸೈಕಲ್ ಕೆಟ್ಟಿತೆಂದು ನಿಲ್ದಾಣದಲ್ಲೇ ಬಿಟ್ಟು ಹೋಗುವುದು, ಅಂಗವಿಕಲರ ಇಳಿಜಾರಿಗೆ ಅಡ್ಡ ಕಟ್ಟುವುದು, ಇವನ್ನು ಮಾಡುವವರು ನಮ್ಮಲ್ಲೇ ಇದ್ದಾರೆ. ಆ ಆರೇಳು ಜನರಿಂದಾಗಿ ದಿನಾ ಓಡಾಡುವವರ ಸೈಕಲ್ಲೂ ಗುಜರಿಯಂತೆ ಕಾಣುತ್ತದೆ. ಜಪಾನಿನಲ್ಲೂ ನಿಲ್ದಾಣಗಳ ಎದುರು ಸೈಕಲ್ಲುಗಳ ರಾಶಿ ಮಿತಿಮೀರಿ, 1980ರಲ್ಲಿ ಅದಕ್ಕೆಂದೇ ಕಾನೂನು ಮಾಡಿದರು. ಬರೇ ಕಿತ್ತೊಯ್ಯುವ ಕಾನೂನಲ್ಲ, ನಿಲ್ಲಿಸಲು ಜಾಗ ಮಾಡಿಕೊಡುವ ಹೊಣೆಯನ್ನೂ ಹೊರಿಸಿದರು. ನೀವೂ ತೆಗೆಯಿರಿ. ಆದರೆ ಮೊದಲು ಹ್ಯಾಂಡಲಿಗೆ ಒಂದು ಚೀಟಿ ಕಟ್ಟಿ, ಇಂಥ ದಿನದೊಳಗೆ ಒಯ್ಯಿರಿ ಎಂದು. ನೋಟಿಸು ಬೋರ್ಡಿಗೆ ಹಚ್ಚಿ. ಹದಿನೈದು ದಿನ ಕಳೆದೂ ಚೀಟಿ ಹಾಗೇ ಇದ್ದರೆ ಆಗ ಒಯ್ದರೆ ಯಾರೂ ಕೇಳುವುದಿಲ್ಲ. ನನ್ನ ಸೈಕಲ್ ಕಟ್ಟಿ ಮೂರು ತಾಸೂ ಆಗಿರಲಿಲ್ಲ.

ನಾನು ಬೇಡುವುದು ಹೆಚ್ಚೇನೂ ಅಲ್ಲ. ಮುಂದಿನ ಪಾರ್ಕಿಂಗ್ ಟೆಂಡರಿನಲ್ಲಿ ಸೈಕಲ್ ಎಂಬ ಒಂದು ಸಾಲು, ಅದಕ್ಕೊಂದು ಸಣ್ಣ ದರ, ಒಂದು ಚೀಟಿ ಅಥವಾ ತಗಡಿನ ಬಿಲ್ಲೆ. ಕಮಾನುಗಳನ್ನು ನಿಲ್ದಾಣದ ಬಾಗಿಲ ಹತ್ತಿರ, ಕೌಂಟರಿನಲ್ಲಿ ಕೂತವರ ಕಣ್ಣಿಗೆ ಬೀಳುವಲ್ಲಿ ನೆಡಿ. ಹಿಂಬದಿಯ ಮೂಲೆಯಲ್ಲಿ ನೆಟ್ಟರೆ ನಾವು ಮತ್ತೆ ಬೇಲಿಗೇ ಕಟ್ಟುತ್ತೇವೆ, ಅದು ಮೊದಲೇ ಹೇಳಿಬಿಡುತ್ತೇನೆ. ತಲೆಯ ಮೇಲೊಂದು ಮಾಡು, ಅದರ ಕೆಳಗೊಂದು ದೀಪ. ಮೊದಲು ಒಂದು ನಿಲ್ದಾಣದಲ್ಲಿ ಮಾಡಿ ನೋಡಿ, ಒಂದು ಮಳೆಗಾಲ ಕಳೆಯಲಿ, ಸರಿ ಕಂಡರೆ ಉಳಿದವಕ್ಕೂ ಮಾಡಿ.

ಜಿಲ್ಲಾಡಳಿತದವರಲ್ಲಿ: ಹೆದ್ದಾರಿಯಿಂದ ನಿಲ್ದಾಣಕ್ಕೆ ತಿರುಗುವ ರಸ್ತೆ ರೈಲ್ವೆಯವರದಲ್ಲ ಎಂದು ನನಗೆ ಹೇಳಿದ್ದಾರೆ. ಹಾಗಾದರೆ ನಿಮ್ಮದೋ ಪಂಚಾಯತಿಯದೋ ಇರಬೇಕು. ಸಂಜೆ ಏಳರ ಮೇಲೆ ಅಲ್ಲಿ ದೀಪವಿಲ್ಲ. ಚತುಷ್ಪಥದ ಲಾರಿಗಳು ತಿರುವಿನಲ್ಲಿ ಸೈಕಲ್ಲಿನವರನ್ನು ಕಾಣುವುದೇ ಇಲ್ಲ. ನಾಲ್ಕು ಕಂಬ ಹಾಕಿಸಿಕೊಡಿ.

ಜನಪ್ರತಿನಿಧಿಗಳಲ್ಲಿ: ಈ ಮಾರ್ಗವನ್ನು ಕಟ್ಟುವಾಗ ಕೇಂದ್ರ ಸರ್ಕಾರ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6 ಪಾಲು ಎಂದು ಬಂಡವಾಳ ಹಾಕಿದ್ದವು. ನೂರರಲ್ಲಿ ಹದಿನೈದು ನಮ್ಮ ರಾಜ್ಯದ ದುಡ್ಡು. ಈಗ ಕೊಂಕಣ ರೈಲ್ವೆ ನಿಗಮವನ್ನು ಭಾರತೀಯ ರೈಲ್ವೆಯ ಜೊತೆ ವಿಲೀನ ಮಾಡುವ ಮಾತು ನಡೆದಿದೆ, ದೊಡ್ಡ ದೊಡ್ಡ ಬೇಡಿಕೆಗಳ ಪಟ್ಟಿ ಸಿದ್ಧವಾಗುತ್ತಿರುತ್ತದೆ: ಜೋಡಿ ಹಳಿ, ಹೊಸ ಗಾಡಿ, ಹುಬ್ಬಳ್ಳಿ ಅಂಕೋಲಾ ಮಾರ್ಗ. ಅವೆಲ್ಲ ಬೇಕು. ಆ ಪಟ್ಟಿಯ ಕೊನೆಯಲ್ಲಿ, ಪುಟದಲ್ಲಿ ಜಾಗ ಉಳಿದರೆ, ಇದನ್ನೂ ಸೇರಿಸಿ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ನಡೆಯುವವರಿಗೂ ಸೈಕಲ್ಲಿನವರಿಗೂ ಆದ್ಯತೆ ಎಂದು ಬರೆದಿದೆ. ನಾನು ಹೊಸದಾಗಿ ಕೇಳುತ್ತಿರುವುದು ಏನೂ ಇಲ್ಲ.

ರಿಪೇರಿಯಾಗಿ ಬಂದ ಮೇಲೆ ಸೈಕಲ್ಲನ್ನು ಈಗ ಗಾಳಿಮರದ ಬುಡದಲ್ಲಿ ನಿಲ್ಲಿಸುತ್ತಿದ್ದೇನೆ. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಫೋನ್ ನಂಬರು ಬರೆಸಿದ್ದೇನೆ, ದಪ್ಪ ಅಕ್ಷರದಲ್ಲಿ, ದೂರದಿಂದಲೂ ಕಾಣುವ ಹಾಗೆ. ಮತ್ತೆ ಯಾರಾದರೂ ಗಣ್ಯರು ಬರುವುದಿದ್ದರೆ ಚೈನು ಕತ್ತರಿಸುವ ಮುಂಚೆ ಒಂದು ಫೋನ್ ಮಾಡಿಸಿ. ಬೆಳಗ್ಗೆ ಗಾಡಿ ಬರುವುದರೊಳಗೆ ಮಾಡಿದರೆ ನಾನೇ ತೆಗೆದು ಚಹಾದಂಗಡಿಯ ಹಿಂದೆ ಇಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸೀಸನ್ ಟಿಕೆಟಿನ ಒಬ್ಬ ಪ್ರಯಾಣಿಕಳು
ಉತ್ತರ ಕನ್ನಡ ಕರಾವಳಿ